ಗಂಟೆ ಕಟ್ಟಿದ ಜೀಪು

ಐವತ್ತಾರರಲ್ಲಿ ಮಿಲಿಟರಿಯ ಹರಾಜಿನ ಹಳೇ ಜೀಪೊಂದು ನುಗ್ಗೇಹಳ್ಳಿಯ ನಮ್ಮ ಅಂಗಳಕ್ಕೆ ಬಂತು. ಅಂದಿನಿಂದ ನನ್ನ ಯಜಮಾನರ ವಾಸ ಅದರ ಕೆಳಗೇ ಆಯಿತು. ಹಿಂದಿನ ಸೀಟು ಕಿತ್ತು ತೆಂಗಿನಕಾಯಿ ತುಂಬಲು ಹಲಗೆ ಬಡಿದರು. ಬಿಸಿಲು ತಡೆಯಲು ಎತ್ತಿನ ಗಾಡಿಯ ಬಿದಿರಿನ ಕಮಾನು ಕೂರಿಸಿದರು. ಎಂಜಿನ್ ಒರೆಸಲು ನನ್ನ ಒಳ್ಳೆಯ ಸೀರೆಯನ್ನೇ ಹರಿದರು. ಹಾರನ್ ಮಾತ್ರ ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಎತ್ತಿನ ಕೊರಳ ಗಂಟೆಸರವನ್ನೇ ತಂದು ಜೀಪಿನ ಮೂತಿಗೆ ಕಟ್ಟಿದರು.

"ಗಾಳಿ ಅಂಗೆ ಓಯ್ತದೆ, ನೋಡ್ತಿರು," ಎಂದು ಕಾಯಿ ತುಂಬಿಕೊಂಡು ಚನ್ನರಾಯಪಟ್ಟಣದ ಸಂತೆಗೆ ಹೊರಟರು.

ಸಂಜೆ ಗಂಟೆಯ ಸದ್ದು ಕೇಳಿ ಬಾಗಿಲಿಗೆ ಬಂದೆ. ಹಿಂಡಿ ಮೂಟೆ ಹೊತ್ತ ಜೀಪು ಏದುಸಿರು ಬಿಡುತ್ತಾ ಅಂಗಳಕ್ಕೆ ತಿರುಗಿತು. ಅದರ ಹಿಂದೆಯೇ ಒಂದು ಎತ್ತಿನ ಗಾಡಿ ತಿರುಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಗಾಡಿಯವರೆಲ್ಲ ಒಳಗೆ ಗೊರಕೆ ಹೊಡೆಯುತ್ತಿದ್ದರು. ಸಂತೆ ಮುಗಿಸಿ ಬರುವಾಗ ನಮ್ಮ ಕಡೆ ಹಿಂದಿನ ಗಾಡಿಯವರು ಹೀಗೆಯೇ ಮಲಗಿಬಿಡುತ್ತಾರೆ. ಮುಂದಿನ ಗಾಡಿಯ ಗಂಟೆ ಎತ್ತ ಹೋದರೆ ಎತ್ತುಗಳೂ ಅತ್ತ.

ಯಜಮಾನರು ಇಳಿದು, ಹಿಂದೆ ನೋಡಿ, ಕಂಬದ ಹಾಗೆ ನಿಂತರು. ನಾನು ನಗು ನುಂಗಿಕೊಂಡು ಎತ್ತುಗಳಿಗೆ ನೀರಿಟ್ಟೆ.

ಮೊದಲ ಗಾಡಿಯ ಮುದುಕ ಎದ್ದು ಕೂತ. ಕಣ್ಣುಜ್ಜಿಕೊಂಡು ಮುಳುಗುವ ಸೂರ್ಯನನ್ನು ನೋಡಿದ, ನಂತರ ಮುಂದಿದ್ದ ಕಮಾನನ್ನು ನೋಡಿದ.

"ಮುಂದ್ಲ ಗಾಡಿಯೋನ್ಗೆ ಯೇಳವ್ವ," ಎಂದ, "ಎತ್ತು ಬದಲಾಯ್ಸ್ಲಿ. ಈಗಿರೋವು ನಡೆಯಾಕಿಲ್ಲ."