ಒಂದು ಹಿಡಿ ಹೆಚ್ಚು

ಪ್ರೊಫೆಸರು ಹೂವಿನ ಬುಟ್ಟಿಯನ್ನು ಮೊದಲು ಶವದ ಪಾದದ ಬಳಿ ಇಟ್ಟರು, ಸರಿಯೆನಿಸದೆ ತಲೆಯ ಬಳಿ ಇಟ್ಟರು, ಅಲ್ಲಿ ಸತ್ತವಳ ತಂಗಿ ಕುಳಿತಿದ್ದರಿಂದ ಮತ್ತೆ ಎತ್ತಿಕೊಂಡು ಕೈಯಲ್ಲೇ ಹಿಡಿದು ನಿಂತರು. ಹನ್ನೊಂದು ವರ್ಷ ತಮ್ಮ ಪ್ರಯೋಗಾಲಯದ ಇಲಿಗಳನ್ನು ನೋಡಿಕೊಂಡವಳು ಹೀಗೆ ಮಾತಿಲ್ಲದೆ ಮಲಗಿದ್ದನ್ನು ಅವರು ನೋಡಿದ್ದು ಇದೇ ಮೊದಲು. ಬದುಕಿದ್ದಾಗ ಅವಳು ಇಲಿಗಳನ್ನೂ ಮಾತಿಗೆಳೆಯದೆ ಬಿಟ್ಟವಳಲ್ಲ.

ಸತ್ತವಳ ಮಗಳು ಕುರ್ಚಿ ತಂದುಕೊಟ್ಟಳು. ಶವ ಎತ್ತಲು ಇನ್ನೂ ಅರ್ಧ ಗಂಟೆಯಿತ್ತು.

ಪ್ರೊಫೆಸರು ಚೀಲದಿಂದ ಒಂದು ಕಟ್ಟು ಹಾಳೆ ತೆಗೆದರು. ತಮ್ಮ ಪುಸ್ತಕ ಸಂಜೆ ಅಚ್ಚಿಗೆ ಹೋಗುತ್ತದೆ, ಅರ್ಪಣೆ ನಿಮ್ಮಮ್ಮನಿಗೇ ಎಂದರು. ಯಾರೂ ಕೇಳದಿದ್ದರೂ ಗಟ್ಟಿಯಾಗಿ ಓದಿದರು: "ಹನ್ನೊಂದು ವರ್ಷ ಒಂದು ಕಾಳೂ ಹೆಚ್ಚುಕಡಿಮೆಯಾಗದಂತೆ ಅಳೆದು ಹಾಕಿದ ಕೈಗಳಿಗೆ."

ತಲೆಯ ಬಳಿ ಕುಳಿತ ಚಿಕ್ಕಮ್ಮನಿಗೆ ಕೆಮ್ಮು ಬಂತು. ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರೂ ಭುಜ ಕುಲುಕುವುದು ನಿಲ್ಲಲಿಲ್ಲ. ಪಕ್ಕದ ಮನೆಯವಳು, ಪಾಪ, ಅಕ್ಕನೆಂದರೆ ಪ್ರಾಣ ಎಂದು ಬೆನ್ನು ಸವರಿದಳು.

ಪುಸ್ತಕದಲ್ಲಿ ಏನಿದೆಯೆಂದು ಮಗಳು ಕೇಳಿದಳು. ಪ್ರೊಫೆಸರು ಸಾವಿನ ಮನೆಯೆಂಬುದನ್ನು ಮರೆತು ಉತ್ಸಾಹದಿಂದ ವಿವರಿಸಿದರು. ಬಸುರಿ ಇಲಿಗಳಲ್ಲಿ ಒಂದು ಗುಂಪಿಗೆ ನಿದ್ದೆಗೆಡಿಸಿ ನರ ಕೆರಳಿಸುವ ಮದ್ದು, ಇನ್ನೊಂದಕ್ಕೆ ಅರೆಹೊಟ್ಟೆ, ಮೂರನೆಯದಕ್ಕೆ ಮದ್ದೂ ಇಲ್ಲ, ಹಸಿವೂ ಇಲ್ಲ. ಮದ್ದು ಚುಚ್ಚಿಸಿಕೊಂಡವುಗಳ ಮರಿಗಳ ಮಿದುಳು ಸೊರಗಿತ್ತು, ನೂರು ಸಲ ತೋರಿಸಿದರೂ ದಾರಿ ಕಲಿಯುತ್ತಿರಲಿಲ್ಲ. ಅರೆಹೊಟ್ಟೆಯವುಗಳ ಮರಿಗಳೋ, ಹೊಟ್ಟೆ ತುಂಬಿದವುಗಳ ಮರಿಗಳಷ್ಟೇ ಚುರುಕು.

"ಹಸಿವಿಗೆ ಮಿದುಳು ಬಗ್ಗಲ್ಲಮ್ಮ. ಇದನ್ನ ಇನ್ಯಾರೂ ಕಂಡಿಲ್ಲ," ಎಂದರು. "ಆಗಲೇ ಇಲಾಖೆಯವರು ಕೇಳ್ತಿದ್ದಾರೆ, ಬಡ ಬಸುರಿಯರಿಗೆ ಕೊಡೋ ಊಟ ಅರ್ಧ ಮಾಡಬಹುದಾ ಅಂತ."

ಮಗಳು ಗೋಡೆಗೆ ಒರಗಿಕೊಂಡಳು.

*

ಕೆಲಸಕ್ಕೆ ಸೇರಿದ ಮೊದಲ ವಾರವೇ ಅಮ್ಮ ಶುರುಮಾಡಿದ್ದಳಂತೆ. ಪ್ರೊಫೆಸರು ಚುಚ್ಚುವುದನ್ನು ಚುಚ್ಚಿ ತಮ್ಮ ಕೋಣೆಗೆ ಹೋದ ಮೇಲೆ ಕಾಳು ತೂಗಿ, ತೂಗಿದ್ದನ್ನು ಸರಿಯಾಗಿ ಬರೆದು, ಆಮೇಲೆ ಕೋಟಿನ ಜೇಬಿನಿಂದ ಹಸಿದ ಪಂಜರಕ್ಕೆಲ್ಲ ಒಂದೊಂದು ಹಿಡಿ. ಮದ್ದಿನವುಗಳಿಗೆ ಏನೂ ಮಾಡಲಾಗುತ್ತಿರಲಿಲ್ಲ. ಚುಚ್ಚಿದ್ದನ್ನು ವಾಪಸ್ ತೆಗೆಯುವುದು ಹೇಗೆ? ತಾಯಿ ಇಲಿಗಳ ತೂಕ ನೋಡುವವಳೂ ಅವಳೇ ಆದ್ದರಿಂದ, ಅವು ಪಂಜರದಲ್ಲಿ ದುಂಡಗಾಗಿ, ಹಾಳೆಯಲ್ಲಿ ಸೊರಗುತ್ತಾ ಹೋದವು.

ಇದೆಲ್ಲ ಹೊರಬಿದ್ದದ್ದು ಹೋದ ವಾರ, ಆಸ್ಪತ್ರೆಯ ಮಂಚದಲ್ಲಿ, ಮಗಳು ಮತ್ತು ಚಿಕ್ಕಮ್ಮನ ಎದುರು.

"ನೀನು ಹೊಟ್ಟೇಲಿದ್ದಾಗ ಎಷ್ಟೋ ದಿನ ಬರೀ ಟೀ ಕುಡ್ಕೊಂಡು ಮಲಗಿದ್ದೆ," ಎಂದಿದ್ದಳು ಅಮ್ಮ. "ನಾಲ್ಕು ವರ್ಷ ಆದ್ರೂ ನಿಂಗೆ ಮಾತು ಬರ್ಲಿಲ್ಲ. ಬಸುರೀಲಿ ಉಪವಾಸ ಇದ್ರೆ ಹಿಂಗೂ ಆಗುತ್ತೆ ಅಂದ್ರು ಡಾಕ್ಟ್ರು. ಅದನ್ನ ಕೇಳಿಸ್ಕೊಂಡವಳು ಆ ಬಸುರೀರ ಮುಂದೆ ಅರ್ಧ ತಟ್ಟೆ ಹೇಗಮ್ಮ ಇಡಲಿ?"

"ಆಮೇಲೆ ಮಾತು ಬಂತಲ್ಲ."

"ಬಂತು. ನಿಲ್ಲಿಸೋಕೇ ಆಗ್ಲಿಲ್ಲ." ಅಮ್ಮ ನಕ್ಕಳು, ಆಮೇಲೆ ಸೊಂಟ ಹಿಡಿದುಕೊಂಡಳು. "ಅವರಿಗೆ ಮಾತ್ರ ಹೇಳ್ಬೇಡ ಕಣೇ. ಮರಿಗಳು ಚುರುಕಾಗಿವೆ ಅಂತ ಎಷ್ಟು ಖುಷಿ ಪಡ್ತಾರೆ ಗೊತ್ತಾ?"

ಆ ಖುಷಿ ಪುಸ್ತಕವಾಗುತ್ತದೆಂದು ಅಮ್ಮನಿಗೆ ತಿಳಿದಿರಲಿಲ್ಲ.

*

ಚಿಕ್ಕಮ್ಮ ಎದ್ದು ಬಂದು ಮಗಳ ಮಣಿಕಟ್ಟು ಹಿಡಿದಳು. "ಇವತ್ತು ಬೇಡ. ಸತ್ತ ದಿನಾನೇ ಕಳ್ಳಿ ಅನ್ನಿಸ್ಬೇಡ ಅವಳನ್ನ."

"ನಾಳೆ ಹೊತ್ತಿಗೆ ಅಚ್ಚಾಗಿರುತ್ತೆ ಚಿಕ್ಕಮ್ಮ."

ಮಗಳು ಪ್ರೊಫೆಸರ ಎದುರು ಬಂದು ನಿಂತಳು. "ಸರ್, ನಿಮ್ಮ ಹಸಿದ ಇಲಿಗಳು ಒಂದಿನಾನೂ ಹಸಿದಿಲ್ಲ."

ಜೇಬು, ಹಿಡಿ, ತೂಕದ ಹಾಳೆ, ಒಂದನ್ನೂ ಬಿಡದೆ ಹೇಳಿದಳು. ಪ್ರೊಫೆಸರು ಶವದ ಮುಖವನ್ನೇ ನೋಡುತ್ತಿದ್ದರು, ಅವಳು ಎದ್ದು ಅಲ್ಲಗಳೆಯಲಿ ಎಂಬಂತೆ. ಅವಳು ಏಳಲಿಲ್ಲ. ಅವರು ಹೊರಗೆ ಹೋಗಿ ಅಚ್ಚಿನ ಮನೆಗೆ ಫೋನ್ ಮಾಡಿದ್ದು ಒಳಗಿನವರಿಗೆಲ್ಲ ಕೇಳಿಸಿತು.

"ನಿಲ್ಲಿಸಿ. ಇಲ್ಲ, ಕಾಗುಣಿತದ ತಪ್ಪಲ್ಲ. ಒಂದು ಪುಟದಲ್ಲಲ್ಲ ಮಾರಾಯ್ರೆ, ಎಲ್ಲಾದರಲ್ಲೂ."

ಒಳಗೆ ಬಂದು, ತಗ್ಗಿದ ದನಿಯಲ್ಲಿ ಮಗಳನ್ನು ಕೇಳಿದರು, "ಹಿಡಿ ಅಂದ್ರೆ, ತುಂಬಿದ ಹಿಡಿನಾ?"

"ತುಂಬಿದ್ದೇ ಸರ್. ಭಾನುವಾರ ಎರಡು."

ಶವ ಎತ್ತಿದರು. ಬೀದಿಯುದ್ದಕ್ಕೂ ಪ್ರೊಫೆಸರು ತಲೆ ತಗ್ಗಿಸಿ, ತುಟಿಯಲ್ಲೇ ಏನೋ ಗುಣಿಸುತ್ತಾ, ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತಾ ನಡೆದರು. ಜೊತೆಗೆ ಬರುತ್ತಿದ್ದವರು ಅದನ್ನು ಪ್ರಾರ್ಥನೆಯೆಂದುಕೊಂಡು, ಪಕ್ಕಕ್ಕೆ ಸರಿದು, ಎಲ್ಲರಿಗಿಂತ ಮುಂದೆ ಅವರಿಗೆ ದಾರಿ ಬಿಟ್ಟರು.