ಅಕ್ಕನ ಹೆರಿಗೆ ವಾರ್ಡು

ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ಆಡಳಿತ ಓದುತ್ತಿದ್ದ ತಂಗಿಗೆ ಕೊನೆಯ ವರ್ಷದ ಅಧ್ಯಯನಕ್ಕೆ ಸಿಕ್ಕಿದ್ದು ತನ್ನೂರಿನದೇ ಸಣ್ಣ ಆಸ್ಪತ್ರೆ. ಅಲ್ಲಿನ ಹೆರಿಗೆ ವಾರ್ಡನ್ನು ಉಳಿಸಬೇಕೋ, ಪಕ್ಕದ ಪಟ್ಟಣದ ದೊಡ್ಡಾಸ್ಪತ್ರೆಗೆ ಸೇರಿಸಬೇಕೋ ಎಂಬುದು ಪ್ರಶ್ನೆ. ಆ ವಾರ್ಡಿನಲ್ಲಿ ಹೆರಿಗೆ ಮಾಡಿಸುತ್ತಿದ್ದ ನರ್ಸು ಅವಳ ಸ್ವಂತ ಅಕ್ಕ.

"ಇದನ್ನ ಬೇರೆಯವರಿಗೆ ಕೊಡಿ ಸರ್," ಎಂದು ತಂಗಿ ಕೇಳಿಕೊಂಡಳು.

"ನಾಳೆ ಅಧಿಕಾರಿ ಆದ್ಮೇಲೂ ನೆಂಟರಿಲ್ಲದ ಊರೇ ಹುಡುಕ್ತೀಯೇನಮ್ಮಾ?" ಎಂದರು ಪ್ರಾಧ್ಯಾಪಕರು.

ತಂಗಿ ವಾರ್ಡಿನಲ್ಲಿ ಹೋಗಿ ಕೂತಳು. ನೆಲ ಕನ್ನಡಿಯಂತಿತ್ತು. ಒಗೆದ ಪರದೆಗಳು, ಕುದಿಸಿಟ್ಟ ಕತ್ತರಿ, ಮತ್ತು ಹೆಚ್ಚಿನ ದಿನ ಖಾಲಿ ಮಂಚಗಳು. ಆಪರೇಷನ್ ಮಾಡುವ ಡಾಕ್ಟರಿರಲಿಲ್ಲ, ರಕ್ತದ ದಾಸ್ತಾನಿರಲಿಲ್ಲ. ಉತ್ತರ ಸ್ಪಷ್ಟವಾಗಿತ್ತು. ಮುಚ್ಚಬೇಕೆಂದು ವರದಿ ಬರೆದಳು.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ನೀನು ಎರಡಕ್ಕೂ ಮಾರಿ ಆದ್ಯಲ್ಲೇ!" ಎಂದು ಅಮ್ಮ ಗದರಿದಳು. ಅಕ್ಕ ಮಾತ್ರ ತುಟಿ ಪಿಟಕ್ಕೆನ್ನದೆ ಪಾತ್ರೆ ತೊಳೆಯುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ತಂಗಿಗೆ.

ಕಾಲೇಜಿನಿಂದ ವರದಿ ತಲುಪಿದ ಮೇಲೆ ಆರೋಗ್ಯ ಇಲಾಖೆ ಊರವರ ಸಭೆ ಕರೆಯಿತು. ವರದಿಯನ್ನು ವಿವರಿಸಲು ತಂಗಿಯೇ ನಿಲ್ಲಬೇಕಾಯಿತು. ಅರ್ಧಕ್ಕೇ ಕ್ಷೌರದಂಗಡಿಯವನು ಎದ್ದ.

"ನಮ್ಮ ಮಕ್ಕಳೆಲ್ಲ ಹುಟ್ಟಿದ್ದು ಅಲ್ಲೇ. ನೀನೂ ಅಲ್ಲೇ ಹುಟ್ಟಿದ್ದು ಕಣಮ್ಮಾ!"

ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತಳು. ತಂಗಿಗೆ ಈಗ ಮಂಗಳಾರತಿ ಗ್ಯಾರಂಟಿ ಎಂದುಕೊಂಡು ಜನ ಅವಳತ್ತ ತಿರುಗಿದರು.

"ಪೇಂಟರ್ ಹೆಂಡ್ತಿಗೆ ಹೆರಿಗೆ ಆದ್ಮೇಲೆ ರಕ್ತ ನಿಲ್ಲಲಿಲ್ಲ," ಎಂದಳು ಅಕ್ಕ. "ಅವಳು ಬದುಕಿದ್ಳು ಅನ್ನೋದಷ್ಟೇ ನಿಮಗೆ ಗೊತ್ತು. ಪಟ್ಟಣದಿಂದ ಆಂಬುಲೆನ್ಸ್ ಗಾಡಿ ಬರೋವರೆಗೂ ನಾನು ಹೊಟ್ಟೆ ಒತ್ತಿ ಹಿಡ್ಕೊಂಡು ಕೂತಿದ್ದೆ. ಗಾಡಿ ಬರದೇ ಹೋಗಿದ್ರೆ ಕೊಡೋಕೆ ಅಲ್ಲಿ ಏನೂ ಇರ್ಲಿಲ್ಲ. ಅವತ್ತಿಂದ ಯಾರಿಗೆ ನೋವು ಶುರುವಾದ್ರೂ ನಾನು ಮೊದಲು ಗಾಡಿಗೇ ಫೋನ್ ಮಾಡ್ತೀನಿ. ಮುಚ್ಚಿ."

"ದಾರೀಲೇ ಹೆರಿಗೆ ಆದ್ರೆ?" ಪೇಂಟರ್ ಕೇಳಿದ.

"ಅದನ್ನೇ ಹೇಳೋಕೆ ಹೊರಟಿದ್ದೆ, ನೀವು ಬಿಟ್ರೆ ತಾನೆ?" ಎಂದಳು ತಂಗಿ. "ಆಂಬುಲೆನ್ಸ್ ಇಲ್ಲೇ ನಿಲ್ಲಬೇಕು, ಅದರಲ್ಲಿ ಹೆರಿಗೆ ಗೊತ್ತಿರೋ ನರ್ಸ್ ಇರಬೇಕು. ಅಲ್ಲಿವರೆಗೂ ವಾರ್ಡಿಗೆ ಬೀಗ ಹಾಕಬಾರದು."

"ನೋಡೋಣ," ಎಂದರು ಇಲಾಖೆಯ ಅಧಿಕಾರಿ.

"ನೋಡೋಣ ಅಂದ್ರೆ ಇಲ್ಲ ಅಂತ ತಾನೆ? ಈಗ್ಲೇ ಹೇಳಿಬಿಡಿ!" ಎಂದ ಕ್ಷೌರದಂಗಡಿಯವನು. ಸಭೆ ನಕ್ಕಿತು. ಅಧಿಕಾರಿ ಒಪ್ಪಿದರು.

ಆಂಬುಲೆನ್ಸ್ ಬಂದ ಮೇಲೆಯೇ ವಾರ್ಡು ಮುಚ್ಚಿತು. ಅಕ್ಕನಿಗೆ ದೊಡ್ಡಾಸ್ಪತ್ರೆಗೆ ವರ್ಗವಾಯಿತು. ಅಲ್ಲಿ ಅವಳಿಗಿಂತ ಚಿಕ್ಕವರು ಅವಳ ಮೇಲಿನವರಾಗಿದ್ದರು.

ಒಂದು ಸಂಜೆ ಊರಿನ ಬಸ್ ನಿಲ್ದಾಣದಲ್ಲಿ ಇಬ್ಬರೂ ಪಟ್ಟಣದ ಬಸ್ಸಿಗೆ ಕಾಯುತ್ತಿದ್ದಾಗ ತಂಗಿ ಕೇಳಿದಳು, "ಅವತ್ತು ಮನೇಲಿ ಯಾಕೆ ಒಂದು ಮಾತೂ ಆಡ್ಲಿಲ್ಲ?"

"ಮೊದಲೇ ನಿನ್ನ ಪರ ಆಡಿದ್ರೆ ಅಕ್ಕ ಹೇಳಿ ಬರೆಸಿದ್ಳು ಅಂತಿದ್ರು ಜನ."

"ಅಲ್ಲಿ ಹೇಗಿದೆ?"

"ಬೇಜಾರೇ. ಇಲ್ಲಿ ನಾನು ಹೇಳಿದ್ದೇ ವೇದವಾಕ್ಯ ಆಗಿತ್ತು. ಅಲ್ಲಿ ಬಸುರಿಯರ ತೂಕ ನೋಡು ಅಂತಾರೆ, ನೋಡ್ತೀನಿ." ಅಕ್ಕ ಚೀಲವನ್ನು ಹೆಗಲಿಗೇರಿಸಿದಳು. "ಆದ್ರೆ ರಕ್ತ ಬೇಕು ಅಂದ್ರೆ ಬರುತ್ತೆ ಕಣೇ."

ಬಸ್ಸು ಬಂತು. ಸೀಟು ಒಂದೇ ಇತ್ತು. ತಂಗಿ ಅಕ್ಕನನ್ನು ಕೂರಿಸಿ ತಾನು ನಿಂತಳು.