ಮಸುಕು ಪ್ರತಿ

ಮಾಕ್ರಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಲ್ಯಾಪ್‌ಟಾಪ್ ಹಚ್ಚಿದಾಗ ವಿಡಿಯೊ ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್‌ನ ಈ ತುದಿಯಿಂದ ಆ ತುದಿಯವರೆಗೆ ಕೆಂಪು ಬಣ್ಣ ಹರಡಿಕೊಂಡಿತ್ತು. ಹಿಂದಿನ ದಿನ ಅದೇ ಜಾಗದಲ್ಲಿ ಎರ್ಮೆಲಿಂದಾ ಅಜ್ಜಿಯ ಅಂತ್ಯಯಾತ್ರೆಯ ತುಣುಕುಗಳು ಒಂದರ ಬೆನ್ನಿಗೊಂದು ನಿಂತಿದ್ದವು: ಅಂಗಳದಲ್ಲಿ ನೆರೆದ ಜನ, ಊರ ಬ್ಯಾಂಡಿನವರು, ಗುಡ್ಡದ ದಾರಿಯಲ್ಲಿ ಹೆಗಲಿನಿಂದ ಹೆಗಲಿಗೆ ಬದಲಾಗುತ್ತ ಏರಿದ ಶವಪೆಟ್ಟಿಗೆ. ಈಗ ಪ್ರತಿಯೊಂದು ತುಣುಕಿನ ಮೇಲೂ ಒಂದೇ ಸಾಲು ಮೂಡಿತ್ತು: ಮೂಲ ಕಡತ ಸಿಗುತ್ತಿಲ್ಲ.

ತಂತಿ ಸಡಿಲವಾಗಿರಬಹುದೆಂದು ಅವಳು ಹೊರಗಿನ ಡಿಸ್ಕನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಡಿಸ್ಕ್ ತೆರೆದುಕೊಂಡಿತು. ಅದರೊಳಗೆ ನೆರೆಯೂರಿನ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಹೊರತು ಬೇರೇನೂ ಇರಲಿಲ್ಲ.

ಅಂಗಡಿಯ ಯಜಮಾನ, ಅವಳ ಸೋದರಮಾವ ವುಲ್ಫ್ರಾನೊ, ಒಳಗೆ ಕಾಫಿ ಕಾಸುತ್ತಿದ್ದ.

"ಮಾವ, ಈ ಡಿಸ್ಕಲ್ಲಿ ಅಜ್ಜಿ ಮಣ್ಣಿಂದು ಇತ್ತಲ್ಲ?"

"ಇತ್ತು. ಅಳಿಸ್ದೆ. ಫೈನಲ್ ಮ್ಯಾಚಿಗೆ ಜಾಗ ಬೇಕಿತ್ತು. ನೀನೇ ಹೇಳಿದ್ಯಲ್ಲ, ಎಲ್ಲಾ ಟೈಮ್‌ಲೈನಲ್ಲಿದೆ ಅಂತ."

"ಕ್ಯಾಮೆರಾ ಕಾರ್ಡು?"

"ಅದ್ರಲ್ಲೇ ತಾನೆ ಮ್ಯಾಚ್ ತೆಗ್ದಿದ್ದು." ಅವನು ಲೋಟ ಹಿಡಿದು ಹೊರಗೆ ಬಂದ. ಕೆಂಪು ಪರದೆಯನ್ನು ಕಂಡು ಕಣ್ಣು ಕಿರಿದು ಮಾಡಿದ. "ಏನಿದು, ಬಣ್ಣ ಕೆಟ್ಟಿದ್ಯಾ?"

ಮಾಕ್ರಿನಾ ಸ್ಟೂಲನ್ನು ಎಳೆದುಕೊಂಡು ಕುಳಿತಳು.

ವುಲ್ಫ್ರಾನೊ ಕೆಲಸ ಕಲಿತದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಆಗ ಹೊಸ ಕ್ಯಾಸೆಟ್ ಬೇಕೆಂದರೆ ಓಹಾಕಾ ಪಟ್ಟಣಕ್ಕೆ ಇಳಿಯಬೇಕಿತ್ತು. ಆದ್ದರಿಂದ ಬೇಕಾದ ಭಾಗಗಳನ್ನೆಲ್ಲ ಮುಖ್ಯ ಕ್ಯಾಸೆಟ್ಟಿಗೆ ಇಳಿಸಿಕೊಂಡ ಕೂಡಲೇ ಮೊದಲಿನದರ ಮೇಲೆ ಮುಂದಿನ ಮದುವೆಯನ್ನೋ ಹಬ್ಬವನ್ನೋ ತೆಗೆಯುವುದು ರೂಢಿ. ಹೊಸ ತಂತ್ರಾಂಶವನ್ನೂ ಅವನು ತನ್ನ ದಾರಿಯಲ್ಲೇ ಅರ್ಥ ಮಾಡಿಕೊಂಡಿದ್ದ. ಟೈಮ್‌ಲೈನ್ ಎಂದರೆ ಮೆರವಣಿಗೆ. ಲೇಯರ್ ಎಂದರೆ ಬಲಿಪೀಠದ ಮೇಲೆ ಒಂದರ ಮೇಲೊಂದು ಹಾಸಿದ ಬಟ್ಟೆ, ಮೇಲಿನದು ಮಾತ್ರ ಕಣ್ಣಿಗೆ ಬೀಳುತ್ತದೆ. ಒಂದು ತುಣುಕನ್ನು ತೆಗೆದಾಗ ಹಿಂದಿನವು ತಾವಾಗಿ ಮುಂದೆ ಸರಿದು ಸಂದು ಮುಚ್ಚುವುದನ್ನು ಮೊದಲ ಸಲ ನೋಡಿದಾಗ, "ಪಾಪ, ಒಬ್ಬ ಉಚ್ಚೆಗೆ ಹೋದ, ಹಿಂದಿನವ್ರು ಮುಂದೆ ಬಂದ್ರು" ಎಂದು ನಕ್ಕಿದ್ದ. ಮಾಕ್ರಿನಾ ಪಟ್ಟಣದಲ್ಲಿ ಎರಡು ವರ್ಷ ಕಲಿತು ಬಂದವಳು. ಅವನ ಹೋಲಿಕೆಗಳು ಕೆಲಸಕ್ಕೆ ಸಾಕಾಗುತ್ತಿದ್ದವಾದ್ದರಿಂದ ಅವಳು ಎಲ್ಲಿಯೂ ತಿದ್ದಿರಲಿಲ್ಲ. ನಿನ್ನೆ ಅವನು ಬಾಗಿಲಲ್ಲಿ ನಿಂತು "ಎಲ್ಲಾ ಇದೆಯಾ?" ಎಂದು ಕೇಳಿದಾಗಲೂ ತಿರುಗಿ ನೋಡದೆ "ಎಲ್ಲಾ ಟೈಮ್‌ಲೈನಲ್ಲಿದೆ" ಎಂದುಬಿಟ್ಟಿದ್ದಳು.

ಈಗ ಅವಳು ನಿಧಾನವಾಗಿ ಹೇಳಿದಳು. "ಮಾವ, ಟೈಮ್‌ಲೈನಲ್ಲಿ ಚಿತ್ರ ಇರಲ್ಲ. ಯಾವ ಕಡತದ ಯಾವ ಜಾಗದಿಂದ ಎಲ್ಲೀತನಕ ತೋರಿಸ್ಬೇಕು ಅನ್ನೋದಷ್ಟೇ ಇರತ್ತೆ. ಕಟ್ ಮಾಡಿದ್ರೂ ಕಡತಕ್ಕೆ ಏನೂ ಆಗಲ್ಲ, ಅದು ಪೂರ್ತಿ ಡಿಸ್ಕಲ್ಲೇ ಇರತ್ತೆ. ನೀನು ಡಿಸ್ಕನ್ನೇ ಒರೆಸಿದೀಯ."

"ಹಾಗಾದ್ರೆ ನಿನ್ನೆ ಓಡ್ತಿದ್ದಿದ್ದು?"

"ಡಿಸ್ಕಿಂದ ಓಡ್ತಿತ್ತು."

ವುಲ್ಫ್ರಾನೊ ಲೋಟವನ್ನು ಕೆಳಗಿಟ್ಟ. "ಸೆನಾಯ್ದಾ" ಎಂದಷ್ಟೇ ಅಂದ.

ಸೆನಾಯ್ದಾ ಎರ್ಮೆಲಿಂದಾ ಅಜ್ಜಿಯ ಒಬ್ಬಳೇ ಮಗಳು. ಗಡಿ ದಾಟಿ ಲಾಸ್ ಏಂಜಲೀಸ್ ಸೇರಿ ಹದಿನೇಳು ವರ್ಷವಾಗಿತ್ತು. ಅಲ್ಲಿ ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ಕಾಗದಪತ್ರವಿಲ್ಲದ ಕಾರಣ ಬಂದರೆ ಮತ್ತೆ ಮರಳುವಂತಿರಲಿಲ್ಲ, ಅಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರು. ಮಣ್ಣಿನ ದಿನ ಮೋಡ ಕವಿದು ಊರಿನ ಟವರ್ ಕೈಕೊಟ್ಟದ್ದರಿಂದ ಫೋನಿನಲ್ಲಿಯೂ ಅವಳಿಗೆ ಏನೂ ಕಾಣಿಸಿರಲಿಲ್ಲ. ಪೆಟ್ಟಿಗೆ ಮುಚ್ಚುವ ಮುಂಚಿನ ಮುಖದರ್ಶನದ ಹೊತ್ತಿನಲ್ಲಿ ಯಾರೂ ಫೋನ್ ಎತ್ತಬಾರದು, ಕ್ಯಾಮೆರಾ ಒಂದೇ ಇರಬೇಕು ಎಂಬುದು ಊರ ಸಭೆಯ ಕಟ್ಟಳೆ. ಆ ಒಂದು ಕ್ಯಾಮೆರಾ ವುಲ್ಫ್ರಾನೊನದು.

"ಆ ಸಾಲಲ್ಲಿ ನಾನಿಲ್ಲ, ಮಾಕ್ರಿ" ಎಂದಿದ್ದಳು ಸೆನಾಯ್ದಾ. "ಅಮ್ಮನ ಮುಖ ಇರೋ ಜಾಗ ಒಂಚೂರೂ ಕಟ್ ಮಾಡ್ಬೇಡ. ನಾವು ಇಲ್ಲಿ ಶಿಲುಬೆ ಎತ್ತೋ ಮುಂಚೆ ನಾನದನ್ನ ನೋಡ್ಬೇಕು." ಮಾಕ್ರಿನಾ ಮಾತು ಕೊಟ್ಟಿದ್ದಳು.

ಶಿಲುಬೆ ಎತ್ತುವುದು ಇದೇ ಸಂಜೆ. ಶವ ಇರಿಸಿದ್ದ ನೆಲದ ಮೇಲೆ ಮರಳು, ಸುಣ್ಣ, ಬಣ್ಣದ ಪುಡಿಗಳಿಂದ ಬರೆದ ಶಿಲುಬೆಯ ಮುಂದೆ ಎಂಟು ಸಂಜೆ ಪ್ರಾರ್ಥನೆ ನಡೆದಿತ್ತು. ಅದು ಅಲ್ಲಿರುವವರೆಗೆ ಸತ್ತವಳು ಮನೆಯಲ್ಲಿದ್ದಂತೆಯೇ ಲೆಕ್ಕ. ಒಂಬತ್ತನೆಯ ಸಂಜೆ ಅದನ್ನು ತಲೆಯಿಂದ ಪಾದದವರೆಗೆ ಭಾಗಭಾಗವಾಗಿ ಎತ್ತಿ ಸಮಾಧಿಗೆ ಒಯ್ಯುತ್ತಾರೆ. ಲಾಸ್ ಏಂಜಲೀಸಿನಲ್ಲಿರುವ ಊರವರೂ ಸೆನಾಯ್ದಾಳ ಬಾಡಿಗೆಮನೆಯ ನೆಲದಲ್ಲಿ ಒಂದು ಶಿಲುಬೆ ಬರೆದಿದ್ದರು.

ಮಾಕ್ರಿನಾ ಡಿಸ್ಕಿನಲ್ಲಿ ಅಳಿದದ್ದನ್ನು ಹುಡುಕುವ ತಂತ್ರಾಂಶವನ್ನು ಓಡಿಸಿದಳು. ಸಿಕ್ಕಿದ್ದೆಲ್ಲ ಕೂಡದ ಚೂರುಗಳು. ಹಳೆಯ ಕಡತಗಳಿದ್ದ ಜಾಗದ ಮೇಲೆಯೇ ಪಂದ್ಯಾವಳಿ ಕುಳಿತಿತ್ತು. ಆಮೇಲೆ ಅವಳಿಗೆ ಲ್ಯಾಪ್‌ಟಾಪಿನ ಒಳಗಿನ ಒಂದು ಫೋಲ್ಡರ್ ನೆನಪಾಯಿತು. ಮೂಲ ಕಡತಗಳು ಆ ಮುದಿ ಯಂತ್ರಕ್ಕೆ ಭಾರವಾಗಿ ಹೆಜ್ಜೆಹೆಜ್ಜೆಗೂ ತಡವರಿಸುತ್ತಿದ್ದುದರಿಂದ, ಪ್ರತಿಯೊಂದಕ್ಕೂ ಬದಲಿಯಾಗಿ ನಿಲ್ಲುವ ಒಂದು ಸಣ್ಣ ಹಗುರ ಪ್ರತಿಯನ್ನು ಅವಳು ಮಾಡಿಸಿಟ್ಟಿದ್ದಳು. ಪ್ರಾಕ್ಸಿ ಎಂದು ಅದರ ಹೆಸರು. ಕತ್ತರಿಸುವ, ಜೋಡಿಸುವ ಕೆಲಸವೆಲ್ಲ ಅದರ ಮೇಲೆ ನಡೆಯುತ್ತದೆ. ಎಲ್ಲವನ್ನೂ ಒಂದೇ ವಿಡಿಯೊ ಆಗಿ ಇಳಿಸುವ ಕೊನೆಯ ರೆಂಡರ್ ಮಾತ್ರ ಮೂಲದಿಂದ ಆಗಬೇಕು; ಅದಕ್ಕಾಗಿಯೇ ಹಿಂದಿನ ದಿನ ಅವಳು ತುಣುಕುಗಳನ್ನೆಲ್ಲ ಮತ್ತೆ ಮೂಲಕ್ಕೆ ತಿರುಗಿಸಿದ್ದಳು. ಕೆಲಸ ಮುಗಿದ ಮೇಲೆ ಪ್ರಾಕ್ಸಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಅವಳು ಒಂದೊಂದೇ ತುಣುಕನ್ನು ಅದರ ಪ್ರಾಕ್ಸಿಗೆ ಜೋಡಿಸುತ್ತ ಹೋದಳು. ಕೆಂಪು ಹಿಂದೆ ಸರಿಯಿತು. ಅಂಗಳ ಬಂತು, ಬ್ಯಾಂಡ್ ಬಂತು, ಗುಡ್ಡದ ದಾರಿ ಬಂತು. ಶಬ್ದಕ್ಕೆ ಯಾವ ಕೊರತೆಯೂ ಆಗಿರಲಿಲ್ಲ. ತುತ್ತೂರಿಯವನು ಉಸಿರು ಎಳೆದುಕೊಳ್ಳುವುದು ಸಹ ಕೇಳುತ್ತಿತ್ತು. ಆದರೆ ಚಿತ್ರ ಪರದೆ ತುಂಬ ಹರಡಿದಾಗ ಎಲ್ಲವೂ ಮಂಜಿನೊಳಗಿನಿಂದ ನೋಡಿದ ಹಾಗೆ ಕಂಡಿತು. ಮುಖದರ್ಶನದ ಜಾಗದಲ್ಲಿ ಎರ್ಮೆಲಿಂದಾ ಅಜ್ಜಿಯ ಮುಖ ಕಂದು ಬೂದು ಚೌಕಗಳ ಒಂದು ಗುಂಪಾಗಿತ್ತು.

"ಇದನ್ನ ಹೇಗೆ ಕಳಿಸೋದು?" ಎಂದ ವುಲ್ಫ್ರಾನೊ.

ತಂತ್ರಾಂಶದಲ್ಲಿ ಮಸುಕನ್ನು ತಿಳಿಯಾಗಿಸುವ ಹೊಸ ಸಾಧನವೊಂದಿತ್ತು. ಮಾಕ್ರಿನಾ ಅದನ್ನು ಆ ಒಂದು ತುಣುಕಿನ ಮೇಲೆ ಹಾಕಿ ಕಾದಳು. ಯಂತ್ರದ ಫ್ಯಾನ್ ಮೊರೆಯಿತು. ಚೌಕಗಳು ಕರಗಿದವು, ರೆಪ್ಪೆಯ ಕೂದಲು ಮೂಡಿತು, ತುಟಿಯ ಅಂಚು ನೇರವಾಯಿತು. ಮುಚ್ಚಿದ ಕಣ್ಣುಗಳ ಶಾಂತವಾದ ಮುಖವೊಂದು ಸ್ಫಟಿಕದಂತೆ ಸ್ಪಷ್ಟವಾಗಿ ಮೇಲೆ ಬಂತು. ಹುಬ್ಬಿನ ಮೇಲಿದ್ದ ಹಳೆಯ ಗಾಯದ ಗುರುತು ಇರಲಿಲ್ಲ. ಹಲ್ಲು ಹೋಗಿ ಒಳಕ್ಕೆ ಬಿದ್ದಿದ್ದ ಕೆನ್ನೆ ತುಂಬಿಕೊಂಡಿತ್ತು.

ವುಲ್ಫ್ರಾನೊ ಬಗ್ಗಿ ನೋಡಿದ. "ಯಾರಿವ್ಳು?"

"ಇಲ್ಲದಿದ್ದ ಕಡೆ ಅದು ಊಹೆ ಮಾಡಿ ತುಂಬಿಸತ್ತೆ, ಮಾವ. ಬೇರೆ ಸಾವಿರಾರು ಮುಖ ನೋಡಿ ಕಲ್ತಿರತ್ತೆ."

ಅವನು ತಗ್ಗಿದ ದನಿಯಲ್ಲಿ, "ಕಳ್ಸಿಬಿಡು" ಎಂದ. "ಹದಿನೇಳು ವರ್ಷ ಆಯ್ತು ಅವ್ಳು ಹೋಗಿ. ಫೋನಿನ ಅಷ್ಟಗಲ ಗಾಜಲ್ಲಿ ಕಂಡಿರೋದು ತಾನೆ. ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತಾನೇ ಕಳಿಸ್ಬಾರ್ದು."

"ತಪ್ಪು ನಂದು, ಮಗಾ. ಶಿಕ್ಷೆ ಅವ್ಳಿಗ್ಯಾಕೆ?"

ಪರದೆಯ ಮೇಲಿನ ಹೆಂಗಸು ಸುಂದರವಾಗಿದ್ದಳು. ಸೆನಾಯ್ದಾ ಅವಳಿಗಾಗಿ ಅಳುತ್ತಾಳೆ, ಆ ಚಿತ್ರವನ್ನು ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕುತ್ತಾಳೆ, ಅವಳ ಮಕ್ಕಳು ಅದನ್ನೇ ಅಜ್ಜಿ ಎಂದು ತಿಳಿದು ಬೆಳೆಯುತ್ತಾರೆ. ಮಾಕ್ರಿನಾ ಸಾಧನವನ್ನು ತೆಗೆದುಹಾಕಿದಳು. ಚೌಕಗಳು ಮರಳಿ ಬಂದವು. ಅವಳು ಫೋನ್ ಎತ್ತಿಕೊಂಡಳು.

ಆ ಕಡೆ ಒಗೆಯುವ ಯಂತ್ರಗಳ ಸದ್ದು. "ಹೇಳು ಮಾಕ್ರಿ, ಬೇಗ ಹೇಳು, ಮೇಸ್ತ್ರಿ ಇಲ್ಲೇ ಇದಾಳೆ."

ಮಾಕ್ರಿನಾ ಹೇಳಿದಳು. ಡಿಸ್ಕ್ ಅಳಿದದ್ದು, ತಾನು ಅರ್ಧ ಮಾತು ಆಡಿದ್ದು, ಬದಲಿ ಪ್ರತಿ ಮಾತ್ರ ಉಳಿದದ್ದು. ಯಂತ್ರಗಳು ತಿರುಗುತ್ತಲೇ ಇದ್ದವು.

"ಎಷ್ಟು ಮಸುಕು?" ಎಂದಳು ಸೆನಾಯ್ದಾ ಕೊನೆಗೆ.

"ಕಣ್ಣು ಎಲ್ಲಿದೆ ಅಂತ ಗೊತ್ತಾಗತ್ತೆ ಅಕ್ಕ. ಕಣ್ಣು ಕಾಣಲ್ಲ."

"ಸರಿ ಮಾಡಕ್ಕಾಗಲ್ವಾ? ಈಗ ಏನೇನೋ ಬಂದಿದ್ಯಂತಲ್ಲ."

"ಮಾಡಿ ನೋಡ್ದೆ. ಬೇರೆ ಯಾರೋ ಬಂದ್ರು."

ಸೆನಾಯ್ದಾ, "ಇರೋದನ್ನೇ ಕಳ್ಸು" ಎಂದು ಫೋನ್ ಇಟ್ಟಳು.

ರೆಂಡರ್ ಮುಗಿದು, ಟವರಿನ ಕೃಪೆಯಿಂದ ಕಡತ ತೆವಳಿಕೊಂಡು ಗಡಿ ದಾಟುವ ಹೊತ್ತಿಗೆ ಸಂಜೆಯಾಗುತ್ತ ಬಂದಿತ್ತು. ಎರ್ಮೆಲಿಂದಾ ಅಜ್ಜಿಯ ಮನೆಯಲ್ಲಿ ಹೆಂಗಸರು ಅರೆದ ಕಪ್ಪು ಬೀನ್ಸ್ ತುಂಬಿದ, ತಮಾಲೆ ಎಂಬ ಮೆಕ್ಕೆಜೋಳದ ಕಡುಬುಗಳನ್ನು ಹಬೆಯಿಂದ ಇಳಿಸುತ್ತಿದ್ದರು. ಮಾಕ್ರಿನಾ ಶಿಲುಬೆಯ ಪಕ್ಕದ ಗೋಡೆಗೆ ಫೋನನ್ನು ಒರಗಿಸಿಟ್ಟಳು. ಪರದೆಯಲ್ಲಿ ಸೆನಾಯ್ದಾಳ ಕೋಣೆ, ಕಿಕ್ಕಿರಿದ ಜನ, ಅವರೆದುರು ಟಿ.ವಿ. ವುಲ್ಫ್ರಾನೊ ಒಳಗೆ ಬಾರದೆ ಅಂಗಳದ ಕಟ್ಟೆಯ ಮೇಲೆ ಟೊಪ್ಪಿ ತೆಗೆದು ಕುಳಿತ.

ಅಲ್ಲಿ ವಿಡಿಯೊ ಶುರುವಾಯಿತು.

"ಏನೂ ಕಾಣ್ತಿಲ್ವಲ್ಲ" ಎಂದಿತು ಒಂದು ಗಂಡು ದನಿ.

"ಕನ್ನಡಕ ಹಾಕ್ಕೋ."

"ಹಾಕ್ಕೊಂಡೇ ಹೇಳ್ತಿದೀನಿ."

ಆಮೇಲೆ ಒಬ್ಬ ಮುದುಕಿ, "ತಡಿ, ಅದು ಒತಿಲಿಯಾ. ಎಡಗಾಲು ಎಳೀತಾಳೆ ನೋಡು" ಎಂದಳು.

ಇಲ್ಲಿ, ಪ್ರಾರ್ಥನೆ ಹೇಳಿಸಲು ಮಂಡಿಯೂರಿದ್ದ ಒತಿಲಿಯಾ ತಲೆ ಎತ್ತಿದಳು. "ಊರು ಬಿಟ್ಟು ಅಷ್ಟು ವರ್ಷ ಆದ್ರೂ ನನ್ನ ಕಾಲು ಮಾತ್ರ ಮರ್ತಿಲ್ಲ ಇವ್ಳು" ಎಂದು ಗೊಣಗಿದಳು.

"ಆ ಟೊಪ್ಪಿ ನಮ್ಮಣ್ಣಂದು. ಹೆಗಲು ಕೊಟ್ಟಿದಾನೆ."

"ಮೇಣದಬತ್ತಿ ಹಿಡಿದಿರೋದು ಕುಂಬಾರಗೇರಿಯೋರು, ಎಲ್ರೂ ಬಂದಿದಾರೆ."

ಹೆಸರುಗಳು ಒಂದೊಂದಾಗಿ ಬಂದವು. ನಡಿಗೆಯಿಂದ, ಶಾಲು ಹೊದೆದ ರೀತಿಯಿಂದ, ಕೆಮ್ಮಿನಿಂದ ಅವರು ಗುರುತು ಹಿಡಿಯುತ್ತಿದ್ದರು. ಮುಖದರ್ಶನದ ಸಾಲು ಬಂದಾಗ ಹೆಸರುಗಳು ನಿಂತವು. ಮಾಕ್ರಿನಾ ಕೈಬೆರಳುಗಳನ್ನು ಹೆಣೆದು ಹಿಡಿದಳು.

"ನಿಲ್ಸಿ" ಎಂದಳು ಸೆನಾಯ್ದಾ.

ಚಿತ್ರ ನಿಂತಿತು. ಅವಳು ಎದ್ದು ಟಿ.ವಿ.ಯ ಹತ್ತಿರ ಹೋದಳು, ಮತ್ತೆ ಹಿಂದಕ್ಕೆ ಬಂದಳು, ಗೋಡೆಗೆ ತಾಗುವವರೆಗೂ ಹಿಂದಕ್ಕೆ ಬಂದಳು. ಅಷ್ಟು ದೂರದಿಂದ ಬಹುಶಃ ಚೌಕಗಳು ಕೊಂಚ ಕೂಡಿಕೊಂಡಿರಬೇಕು.

"ಕಾಣಲಿಲ್ಲ, ಮಾಕ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. "ಅಮ್ಮ ಕಾಣಲಿಲ್ಲ."

"ತಪ್ಪಾಯ್ತು ಅಕ್ಕ."

"ಕತ್ತಿನ ಹತ್ರ ಏನದು, ನೀಲಿ?"

"ಶಾಲು. ನೀನು ಕಳಿಸಿದ್ಯಲ್ಲ. ಅದನ್ನೇ ಹೊದಿಸ್ಬೇಕು ಅಂತ ಅಜ್ಜಿ ಮೊದ್ಲೇ ಹೇಳಿದ್ರಂತೆ."

ಸೆನಾಯ್ದಾ ಗೋಡೆಗೊರಗಿ ಆ ನೀಲಿಯನ್ನು ನೋಡುತ್ತ ನಿಂತಳು. ಯಾರೂ ಚಿತ್ರವನ್ನು ಮುಂದಕ್ಕೆ ಓಡಿಸಲಿಲ್ಲ. ಕೊನೆಗೆ ಅವಳೇ ಮುಖ ಒರೆಸಿಕೊಂಡು, "ಹೊತ್ತಾಯ್ತು. ವುಲ್ಫ್ರಾನೊ ಅಣ್ಣ ಎಲ್ಲಿ?" ಎಂದು ಕೇಳಿದಳು.

"ಅಂಗಳದಲ್ಲಿ."

"ಶಿಲುಬೆ ಎತ್ತೋದನ್ನ ಅವ್ರೇ ವಿಡಿಯೊ ತೆಗೀಬೇಕು. ಇನ್ಯಾರು ತೆಗೀತಾರೆ? ಒಳಗೆ ಬರಕ್ಕೆ ಹೇಳು."

ವುಲ್ಫ್ರಾನೊ ಬಂದ. ಸೆನಾಯ್ದಾಳತ್ತ ನೋಡಲಾರದೆ ನೇರವಾಗಿ ಕ್ಯಾಮೆರಾದ ಕಿಂಡಿಗೆ ಕಣ್ಣು ಹಚ್ಚಿದ. ಒತಿಲಿಯಾ ಹಾಡು ಎತ್ತಿದಳು. ಫೋನಿನೊಳಗಿನ ದನಿಗಳು ಒಂದು ಉಸಿರು ತಡವಾಗಿ ಬಂದು ಸೇರಿಕೊಂಡವು. ಇಲ್ಲಿ ಒಬ್ಬ ಹುಡುಗಿ ಹಕ್ಕಿಯ ಗರಿಯಿಂದ ಶಿಲುಬೆಯ ತಲೆಯ ಭಾಗದ ಮರಳನ್ನು ತಟ್ಟೆಗೆ ಗುಡಿಸಿದಳು. ಅಲ್ಲಿ ಸೆನಾಯ್ದಾ ಬರಿಗೈಯಲ್ಲಿ ಬಾಚಿಕೊಂಡಳು. ಬಲತೋಳು, ಎಡತೋಳು, ನಡು, ಪಾದ. ವುಲ್ಫ್ರಾನೊ ಎಲ್ಲಿಯೂ ನಿಲ್ಲಿಸಲಿಲ್ಲ. ಕೊನೆಯ ಸುಣ್ಣದ ಗೆರೆಯೂ ಎದ್ದು, ನೆಲ ಬರಿಯ ನೆಲವಾಗಿ, ಜನ ಸಮಾಧಿಯ ಕಡೆ ಹೊರಟ ಮೇಲೂ ಅವನ ಕ್ಯಾಮೆರಾ ಆ ಖಾಲಿ ಜಾಗವನ್ನು ತೆಗೆಯುತ್ತಲೇ ಇತ್ತು.

"ಸಾಕು ಮಾವ" ಎಂದಳು ಮಾಕ್ರಿನಾ.

ಅವನು ಗುಂಡಿ ಒತ್ತಿದ. ಕಾರ್ಡನ್ನು ಹೊರಗೆಳೆದ. ಅಭ್ಯಾಸಬಲದಿಂದ ಅಂಗಿಯ ಜೇಬಿನತ್ತ ಹೋದ ಕೈ ಅರ್ಧದಲ್ಲೇ ನಿಂತಿತು. ಅವನು ಕಾರ್ಡನ್ನು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಒಂದೊಂದಾಗಿ ಅದರ ಮೇಲೆ ಮಡಚಿ, ಟೊಪ್ಪಿ ಹಾಕಿಕೊಳ್ಳದೆ ಜನರ ಹಿಂದೆ ಗುಡ್ಡ ಹತ್ತತೊಡಗಿದ.